ನೀರಿನ ಜಾಡು ಹಿಡಿದು: ಮಂಡ್ಯ ಸೀಮೆಯ ಸುಲಭ ನಡಿಗೆಗಳು

ಮೇಲುಕೋಟೆಗೆ ಹೋಗಿಬರುವವರಲ್ಲಿ ಹೆಚ್ಚಿನವರ ದಿನಚರಿ ಒಂದೇ. ಚೆಲುವನಾರಾಯಣನ ದರ್ಶನ, ಕಲ್ಯಾಣಿಯ ಮೆಟ್ಟಿಲ ಮೇಲೊಂದು ಫೋಟೊ, ಏದುಸಿರು ಬಿಡುತ್ತ ಯೋಗಾನರಸಿಂಹನ ಬೆಟ್ಟ, ಇಳಿದ ಮೇಲೆ ದೊನ್ನೆ ತುಂಬ ಪುಳಿಯೋಗರೆ. ಮಧ್ಯಾಹ್ನದ ಹೊತ್ತಿಗೆ ಕಾರು ಮೈಸೂರಿನ ದಾರಿ ಹಿಡಿದಿರುತ್ತದೆ. ಆ ಕಾರು ದಾಟಿಕೊಂಡು ಹೋಗುವ ಕೆರೆ ಏರಿ, ನಾಲೆ ಬದಿ, ಬಂಡಿದಾರಿ, ಬೋಳು ಗುಡ್ಡಗಳ ಬಗ್ಗೆ ಈ ಲೇಖನ.

ಮಂಡಿ ನೋವಿನವರು, ಮಕ್ಕಳನ್ನು ಕಟ್ಟಿಕೊಂಡು ಹೊರಡುವವರು, ಕುಮಾರಪರ್ವತದ ಹೆಸರು ಕೇಳಿದರೇ ಬೆವರುವವರು, ಎಲ್ಲರಿಗೂ ಮಂಡ್ಯ ಸೀಮೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಬೆಟ್ಟಗಳುಂಟು, ಆದರೆ ಬೆಳಿಗ್ಗೆ ಹತ್ತಿ ತಿಂಡಿ ಹೊತ್ತಿಗೆ ಇಳಿದುಬರುವಂಥವು. ಕಾಡೂ ಉಂಟು, ಬಹುಪಾಲು ಕುರುಚಲು. ಊರಿಂದ ಊರಿಗೆ ಎರಡು ಮೂರು ಕಿಲೋಮೀಟರ್ ಅಂತರ. ಸುಸ್ತಾದರೆ ಕೂರಲು ಅರಳಿಕಟ್ಟೆ ಇದೆ, ಬಾಯಾರಿದರೆ ಎಳನೀರು ಇದೆ, ಸಾಕೆನಿಸಿದರೆ ಬಸ್ಸು ಇದೆ.

ಇಲ್ಲದಿರುವುದು ಒಂದೇ, ನಡೆಯುವವರಿಗೆಂದು ಬಾಣದ ಗುರುತು ಹಾಕಿದ ಹಾದಿ. ಹಾದಿಯನ್ನು ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ನಾನು ನಂಬಿರುವ ಉಪಾಯ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು. ಈ ಸೀಮೆಯನ್ನು ಕಟ್ಟಿದ್ದೇ ನೀರು. ಕೆರೆಗೆ ಏರಿ ಬೇಕು, ನಾಲೆಗೆ ಪಕ್ಕದಲ್ಲಿ ಓಡಾಡಲು ದಾರಿ ಬೇಕು, ತೂಬು ನೋಡಿಕೊಳ್ಳುವವನಿಗೆ ಕಾಲುದಾರಿ ಬೇಕು. ಹಾಗೆ ಆದ ಹಾದಿಗಳು ಸಮತಟ್ಟಾಗಿವೆ, ನಾಲ್ಕು ಜನ ಓಡಾಡುವ ಜಾಗಗಳು, ಎರಡೂ ಬದಿ ನೋಡಲು ಏನಾದರೂ ಇದ್ದೇ ಇರುತ್ತದೆ. ನೀರಿನ ಬದಿ ಹೋದವರು ದಾರಿ ತಪ್ಪುವುದೂ ಕಡಿಮೆ.

ಇನ್ನೊಂದು ಸಹಾಯ ಕಂದಾಯ ಇಲಾಖೆಯಿಂದ ಸಿಗುತ್ತದೆ. ಹಳ್ಳಿಯಲ್ಲಿ ಜಮೀನಿನ ಜಗಳ ಎದ್ದಾಗಲೆಲ್ಲ ಕೇಳಿಬರುವ ಮಾತು ‘ನಕಾಶೆ ಕಂಡ ದಾರಿ’. ಗ್ರಾಮನಕ್ಷೆಯಲ್ಲಿ ಗೆರೆ ಎಳೆದಿರುವ ಬಂಡಿದಾರಿ, ಕಾಲುದಾರಿಗಳು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರೂ ಓಡಾಡಬಹುದು. ಈ ನಕ್ಷೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರು ಕೊಟ್ಟು ಇಳಿಸಿಕೊಳ್ಳಬಹುದು. ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರೇ ಕಾಣಿಸುತ್ತದೆ. ಜಮೀನು ಕೊಳ್ಳುವವರಿಗೆಂದು ಬಂದದ್ದು ನಡೆಯುವವರಿಗೂ ಒದಗಿದೆ. ನಕ್ಷೆಯಲ್ಲಿರುವ ದಾರಿಯನ್ನು ಯಾರೋ ಉತ್ತು ಕಬ್ಬು ಹಾಕಿಕೊಂಡಿರುವುದೂ ಉಂಟು. ಅಲ್ಲಿ ಹಕ್ಕು ಸಾಧಿಸಲು ಹೋಗಬೇಡಿ, ಸುತ್ತು ಹಾಕಿ.

ಮೊದಲ ನಡಿಗೆಗೆ ಮೇಲುಕೋಟೆಯೇ ಸರಿ. ಬೆಟ್ಟದ ಮೇಲೆ ಕಟ್ಟಿದ ಊರಿದು, ಹತ್ತಿರದಲ್ಲಿ ಹೊಳೆಯಿಲ್ಲ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ಇಲ್ಲಿದ್ದರೆಂಬ ಐತಿಹ್ಯದ ಈ ಕ್ಷೇತ್ರ ಇಷ್ಟು ಶತಮಾನ ಬದುಕಿದ್ದು ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟುಕೊಂಡು. ನೂರೆಂಟು ಕೊಳಗಳಿವೆ ಎಂಬ ಮಾತು ಊರಲ್ಲಿದೆ. ಎಲ್ಲವನ್ನೂ ಎಣಿಸುವ ಗೊಡವೆ ಬೇಡ. ಕಲ್ಯಾಣಿಯಿಂದ ಹೊರಟು ಊರೊಳಗಿನ ಕೇರಿಗಳನ್ನು ಹಾದು ರಾಯಗೋಪುರದ ಕಡೆ ನಡೆದರೆ ದಾರಿಯಲ್ಲೇ ಕೊಳ ಮೇಲೆ ಕೊಳ ಸಿಗುತ್ತವೆ. ರಾಯಗೋಪುರ ಕಟ್ಟಿ ಮುಗಿಸದೆ ಬಿಟ್ಟ ಮಹಾದ್ವಾರ. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲದ ಎತ್ತರದ ಕಂಬಗಳು ಮಾತ್ರ ನಿಂತಿವೆ, ಸಿನಿಮಾ ನೋಡುವವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಅದರ ಸಮೀಪದಲ್ಲೇ ಅಕ್ಕತಂಗಿ ಕೊಳ. ಒತ್ತೊತ್ತಿಗೆ ಎರಡು ಕೊಳ, ನಡುವೆ ಬರೀ ಒಂದು ಗೋಡೆಯಷ್ಟು ಜಾಗ. ಒಂದರ ನೀರು ಕುಡಿಯಲು, ಇನ್ನೊಂದರದು ಮೈಕೈ ತೊಳೆಯಲು ಎಂಬ ರೂಢಿ. ಯಾವುದು ಯಾವುದಕ್ಕೆ ಎಂದು ಅಲ್ಲಿರುವವರನ್ನು ಕೇಳಿ ತಿಳಿದುಕೊಳ್ಳಿ. ಈಗಿನ ಕಾಲಕ್ಕೆ ಎರಡನ್ನೂ ಕುಡಿಯದಿರುವುದೇ ಲೇಸು.

ಅಲ್ಲಿಂದ ಮುಂದೆ ಮನಸ್ಸಿದ್ದವರು ಧನುಷ್ಕೋಟಿಗೆ ಹೋಗಬಹುದು. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಎನ್ನುವ ಜಾಗ. ಊರಿನಿಂದ ಎರಡು ಮೂರು ಕಿಲೋಮೀಟರ್, ಬಂಡೆ ಮತ್ತು ಕುರುಚಲು ಗಿಡಗಳ ನಡುವೆ. ಒಬ್ಬರೇ ಹೋಗಬೇಡಿ, ಹೊತ್ತು ಮುಳುಗುವ ಮುಂಚೆ ಊರೊಳಗಿರಿ. ಈ ಬೆಟ್ಟಸಾಲು 1974ರಿಂದಲೂ ವನ್ಯಜೀವಿಧಾಮ. ತೋಳಗಳ ರಕ್ಷಣೆಯನ್ನು ಮುಖ್ಯವಾಗಿಟ್ಟುಕೊಂಡು ಘೋಷಿಸಿದ್ದು, ವಿಸ್ತೀರ್ಣ ಐವತ್ತು ಚದರ ಕಿಲೋಮೀಟರಿಗೆ ತುಸು ಕಡಿಮೆ. ಚಿರತೆಗಳೂ ಇವೆ. ಅಂಚಿನ ಹಾದಿಗಳಲ್ಲಿ ಹಗಲು ನಡೆಯುವುದು ಬೇರೆ, ಅರಣ್ಯದೊಳಗೆ ನುಗ್ಗುವುದು ಬೇರೆ. ಒಳಗೆ ಹೋಗಲು ಇಲಾಖೆಯ ಅನುಮತಿ ಬೇಕು. ರಾಜ್ಯದ ಚಾರಣದ ಹಾದಿಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಇದೆ. ನಿಮ್ಮ ಹಾದಿ ಅದರಲ್ಲಿ ಸಿಗದಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಯೋಗಾನರಸಿಂಹನ ಬೆಟ್ಟವನ್ನು ಬೆಳಗಿನ ಏಳಕ್ಕೆ ಮುಂಚೆ ಹತ್ತುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಕಲ್ಲಿನ ಮೆಟ್ಟಿಲು ಬರಿಗಾಲನ್ನು ಸುಡುತ್ತದೆ. ಮೇಲಿನಿಂದ ನೋಡಿದರೆ ಈ ಊರಿನ ಲೆಕ್ಕಾಚಾರ ತಾನಾಗಿ ತಿಳಿಯುತ್ತದೆ, ಎಲ್ಲಿ ಇಳಿಜಾರಿದೆಯೋ ಅದರ ತುದಿಯಲ್ಲೊಂದು ಕೊಳ. ಕೈಯಲ್ಲಿ ತಿಂಡಿಯ ಪ್ಲಾಸ್ಟಿಕ್ ಕವರು ಹಿಡಿದಿರಬೇಡಿ. ಇಲ್ಲಿನ ಕೋತಿಗಳಿಗೆ ಆ ಕವರಿನ ಸರಪರ ಸದ್ದು ಚೆನ್ನಾಗಿ ಗೊತ್ತು. ಇಳಿದು ಬಂದ ಮೇಲೆ ಬಿಸಿಲಿನ ಹೊತ್ತನ್ನು ಊರೊಳಗೇ ಕಳೆಯಿರಿ. ಕವಿ ಪು.ತಿ.ನ. ಅವರ ಮನೆ ಸ್ಮಾರಕವಾಗಿ ಉಳಿದಿದೆ, ಜನಪದ ಸೇವಾ ಟ್ರಸ್ಟಿನಲ್ಲಿ ಮಗ್ಗದ ಕೆಲಸ ಇದೆ. ವೈರಮುಡಿ ಉತ್ಸವದ ದಿನ ಮಾತ್ರ ನಡಿಗೆಯ ಯೋಚನೆ ಬೇಡ. ಆ ದಿನ ಜನಸಾಗರವೇ ನಿಮ್ಮನ್ನು ನಡೆಸಿಕೊಂಡು ಹೋಗುತ್ತದೆ.

ಬೆಟ್ಟದಿಂದ ಕೆರೆಗೆ ಬರೋಣ. ಪಾಂಡವಪುರದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕೆರೆತೊಣ್ಣೂರು ಮಕ್ಕಳಿಗೂ ಹಿರಿಯರಿಗೂ ಒಗ್ಗುವ ಜಾಗ. ಎರಡು ಕಲ್ಲುಗುಡ್ಡಗಳ ನಡುವೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಇದನ್ನು ತಿರುಮಲಸಾಗರ ಎಂದು ಕರೆದವರು ರಾಮಾನುಜರು ಎನ್ನುತ್ತದೆ ಐತಿಹ್ಯ. 18ನೆಯ ಶತಮಾನದಲ್ಲಿ ನೀರಿನ ತಿಳಿ ನೋಡಿ ಬೆರಗಾದ, ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದ. ಏರಿಯ ಮೇಲೆ ಒಂದು ಬದಿ ತಿಳಿನೀರು, ಇನ್ನೊಂದು ಬದಿ ಕೆಳಗೆ ಅಚ್ಚುಕಟ್ಟಿನ ಗದ್ದೆ, ತೆಂಗು. ಏರಿ ಮುಗಿಸಿ ಊರೊಳಗೆ ಬಂದರೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ, ಅದರ ಎದುರಿಗೇ ವೇಣುಗೋಪಾಲಸ್ವಾಮಿ, ಗುಡ್ಡದ ಮೇಲೆ ಯೋಗಾನರಸಿಂಹ. ಎಲ್ಲ ಸೇರಿ ಅರ್ಧ ದಿನದ ನಡಿಗೆ, ಎಲ್ಲೂ ಏದುಸಿರು ಬರುವ ಏರಿಲ್ಲ. ನೀರು ಎಷ್ಟು ತಿಳಿಯಾಗಿ ಕಂಡರೂ ಇಳಿಯಬೇಡಿ. ದಡದಿಂದ ಆಳ ಗೊತ್ತಾಗುವುದಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಹೋದರೆ ಸ್ಪೀಕರಿನ ಗದ್ದಲವೂ ಇರುವುದಿಲ್ಲ.

ಬಂಡೆ ಹತ್ತುವ ಆಸೆ ಇದ್ದವರಿಗೆ ಪಾಂಡವಪುರದ ಪಕ್ಕದಲ್ಲೇ ಕುಂತಿಬೆಟ್ಟ ಇದೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಇತ್ತು. ಬೆಟ್ಟ ಚೆಲುವಾದದ್ದೇ, ಆದರೆ ಸುಲಭ ನಡಿಗೆಯ ಪಟ್ಟಿಗೆ ನಾನು ಅದನ್ನು ಸೇರಿಸಲಾರೆ. ಕೈಯೂರಿ ಹತ್ತುವ ಜಾಗಗಳಿವೆ.

ನಾಲೆಯ ಬದಿಯ ನಡಿಗೆಗೆ ಬಂದರೆ ಎಚ್ಚರಿಕೆಯನ್ನೇ ಮೊದಲು ಹೇಳಬೇಕು. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಹಿಂದಿನ ಇರ್ವಿನ್ ನಾಲೆ, ಮಂಡ್ಯದ ಜೀವನಾಡಿ. ಆದರೆ ಅದರ ದೊಡ್ಡ ನಾಲೆ ಆಳ, ಸೆಳೆತ ಹೆಚ್ಚು, ಬಹಳ ಕಡೆ ತಡೆಗೋಡೆ ಇಲ್ಲದೆ ಬಂದದ್ದು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಈ ನಾಲೆಗೆ ಉರುಳಿ 30 ಮಂದಿ ಸತ್ತರು. ಮಕ್ಕಳೊಂದಿಗೆ ದೊಡ್ಡ ನಾಲೆಯ ಅಂಚಿನಲ್ಲಿ ನಡೆಯಬೇಡಿ. ನಡಿಗೆಗೆ ಹೇಳಿದ್ದು ಅದರಿಂದ ಕವಲೊಡೆಯುವ ಸಣ್ಣ ಉಪನಾಲೆಗಳು, ಊರವರ ಬಾಯಲ್ಲಿ ಬರೀ ‘ಚಾನಲ್’. ಒಂದಾಳು ದಾಟುವಷ್ಟು ಅಗಲ, ಪಕ್ಕದಲ್ಲಿ ಎತ್ತಿನಗಾಡಿ ಹೋಗುವಷ್ಟು ಮಣ್ಣುದಾರಿ, ಅಲ್ಲಲ್ಲಿ ಹೊಂಗೆ, ಬೇವು.

ಇಂಥ ಯಾವುದೇ ಚಾನಲ್ ಹಿಡಿದರೂ ಮಂಡ್ಯ, ಪಾಂಡವಪುರದ ಕಡೆ ಸ್ವಲ್ಪ ದೂರದಲ್ಲೇ ಆಲೆಮನೆಯ ಹೊಗೆ ಕಾಣುತ್ತದೆ. ಮುಜುಗರ ಪಡದೆ ಒಳಗೆ ಹೋಗಿ ಕೇಳಿ, ನೋಡಲು ಬೇಡ ಅನ್ನುವವರು ಅಪರೂಪ. ಒಂದು ಮೂಲೆಯಲ್ಲಿ ಗಾಣ ಕಬ್ಬನ್ನು ಅಗಿದು ಹಾಲು ಬಿಡುತ್ತಿರುತ್ತದೆ. ಹಿಂಡಿ ಉಳಿದ ಸಿಪ್ಪೆಯನ್ನು ಬಯಲಲ್ಲಿ ಒಣಗಿಸಿ ಅದನ್ನೇ ಒಲೆಗೆ ತುಂಬುತ್ತಾರೆ, ಹಾಗಾಗಿ ಬೇರೆ ಸೌದೆ ಅಷ್ಟಾಗಿ ಬೇಕಿಲ್ಲ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿದ್ದಂತೆ ಮೇಲೆ ಹಸಿರು ಮಿಶ್ರಿತ ಕೊಳೆ ನೊರೆಯಾಗಿ ಏಳುತ್ತದೆ. ಉದ್ದ ಹಿಡಿಯ ಜರಡಿ ಸೌಟಿನಲ್ಲಿ ಅದನ್ನು ಎತ್ತೆತ್ತಿ ಹಾಕುತ್ತಿರಬೇಕು, ಸುಣ್ಣದ ನೀರು ಹಾಕಿದ ಮೇಲೆ ಇನ್ನಷ್ಟು ಏಳುತ್ತದೆ. ಪಾಕದ ಹದ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಹದ ಬಂದ ಆ ಒಂದು ನಿಮಿಷದಲ್ಲಿ ಅವರನ್ನು ಮಾತಾಡಿಸಬೇಡಿ. ಪಾಕ ಸುರಿದು, ತಿರುವಿ, ಅಚ್ಚಿಗೆ ತುಂಬಿದ ಮೇಲೆ ಬೇಕಾದಷ್ಟು ಮಾತಾಡುತ್ತಾರೆ. ಈಗೀಗ ಆಲೆಮನೆಗಳಲ್ಲಿ ದುಡಿಯುವವರಲ್ಲಿ ಉತ್ತರಪ್ರದೇಶದಿಂದ ಬಂದವರೂ ಇದ್ದಾರೆ, ಆದ್ದರಿಂದ ಮಾತು ಕನ್ನಡದಲ್ಲೇ ನಡೆಯುತ್ತದೆಂಬ ಖಾತ್ರಿ ಇಲ್ಲ. ಬಿಸಿ ಬೆಲ್ಲ ಕೈಗಿಟ್ಟರೆ ಬೇಡ ಎನ್ನಬೇಡಿ. ಹೊರಡುವಾಗ ಒಂದೆರಡು ಕೆಜಿ ಕೊಂಡರೆ ಅವರಿಗೂ ಖುಷಿ, ಆದರೆ ನಡಿಗೆಯ ಕೊನೆಯಲ್ಲಿ ಸಿಗುವ ಆಲೆಮನೆಯಲ್ಲೇ ಕೊಳ್ಳಿ. ಬೆಲ್ಲ ಹೊತ್ತು ನಡೆಯುವುದು ಶಿಕ್ಷೆ.

ಗದ್ದೆ ಬದುಗಳ ಮೇಲೆ ನಡೆಯುವಾಗ ಒಂದೆರಡು ಮರ್ಯಾದೆಗಳಿವೆ. ನಾಟಿಯ ಕಾಲದಲ್ಲಿ ಬದುವಿಗೆ ಹೊಸದಾಗಿ ಕೆಸರು ಮೆತ್ತಿರುತ್ತಾರೆ, ಅದರ ಮೇಲೆ ಕಾಲಿಟ್ಟರೆ ನೀರು ಸೋರುತ್ತದೆ. ಯಾರಾದರೂ ಕಂಡರೆ ‘ಯಜಮಾನ್ರೇ, ಈ ಕಡೆಯಿಂದ ಹೋಗಬಹುದಾ?’ ಎಂದು ಕೇಳಿ. ಕೇಳಿದರೆ ದಾರಿಯ ಜೊತೆ ಊರಿನ ಅರ್ಧ ಚರಿತ್ರೆಯೂ ಸಿಗುತ್ತದೆ. ದೂರ ಎಷ್ಟು ಎಂದರೆ ಬರುವ ಉತ್ತರ ‘ಇಲ್ಲೇ ಅದೆ, ನಡೀರಿ ಸಾ’. ಈ ‘ಇಲ್ಲೇ’ ಅರ್ಧ ಕಿಲೋಮೀಟರೂ ಆಗಬಹುದು, ನಾಲ್ಕೂ ಆಗಬಹುದು. ನಕ್ಷೆ ನೋಡಿಕೊಳ್ಳಿ. ರಾಗಿ ಒಕ್ಕಣೆಯ ದಿನಗಳಲ್ಲಿ ರಸ್ತೆಯೇ ಕಣವಾಗಿರುತ್ತದೆ, ಹರಡಿದ ಹುಲ್ಲನ್ನು ತುಳಿಯದೆ ಬದಿಯಲ್ಲಿ ಹೋಗಿ.

ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ ಚಿಕ್ಕ ಬೆಟ್ಟ. ಸುಮಾರು 450 ಮೆಟ್ಟಿಲು, ಹತ್ತಲಾಗದವರಿಗೆ ವಾಹನ ಹೋಗುವ ರಸ್ತೆಯೂ ಇದೆ. ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಹೊಳೆ ಕಾವೇರಿಯನ್ನು ಸೇರುವುದು ಕಾಣುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಬೀಳುವುದುಂಟು, ಒಣಹುಲ್ಲಿನ ದಿನಗಳಲ್ಲಿ ಬೀಡಿ ಸಿಗರೇಟು ಬೇಡವೇ ಬೇಡ. ಇಳಿದು ಗಂಜಾಂ ಕಡೆಗೆ ಹೊರಟರೆ ಅಂಜೂರದ ತೋಟಗಳಿಗೆ ಹೆಸರಾದ ಊರು ಸಿಗುತ್ತದೆ.

ರಂಗನತಿಟ್ಟು ಶ್ರೀರಂಗಪಟ್ಟಣದಿಂದ ನಾಲ್ಕು ಕಿಲೋಮೀಟರ್. ಪಕ್ಷಿಧಾಮದಲ್ಲಿ ನಡೆಯುವ ಹಾದಿ ಚಿಕ್ಕದು, ಎಲ್ಲರೂ ದೋಣಿಯ ಸಾಲಿನಲ್ಲೇ ನಿಂತಿರುತ್ತಾರೆ. ಆದರೆ ನೀರಿನ ಕಥೆ ಇಲ್ಲಿ ಸ್ವಾರಸ್ಯವಾಗಿದೆ. 17ನೆಯ ಶತಮಾನದ ನಡುವಿನಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ಹಿನ್ನೀರಿನಲ್ಲಿ ತೇಲಿ ಉಳಿದ ನಡುಗಡ್ಡೆಗಳೇ ಈ ತಿಟ್ಟುಗಳು. ಅದೇ ಕಾಲದ ರಣಧೀರ ಕಂಠೀರವ ನರಸರಾಜ ಒಡೆಯರು ತೋಡಿಸಿದ ಬಂಗಾರದೊಡ್ಡಿ ನಾಲೆ ನದಿಯ ಕವಲಿನ ಮೇಲೆಯೇ ಕಲ್ಲಿನ ಮೇಲ್ಗಾಲುವೆಯಾಗಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಕೊಂಡೊಯ್ಯುತ್ತದೆ. ರೈತರಿಗೆಂದು ಕಟ್ಟಿದ್ದು ಹಕ್ಕಿಗಳಿಗೆ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿ ಇದನ್ನು ಕಂಡು ಮೈಸೂರು ಅರಸರಿಗೆ ಒತ್ತಾಯಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ ಆಯಿತು. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ಇರುವುದಿಲ್ಲ, ಮಳೆಗಾಲದಲ್ಲಿ ಹೊರಡುವ ಮುನ್ನ ವಿಚಾರಿಸಿ. ದಡದ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಕೊರಡಲ್ಲ, ಮೊಸಳೆ.

ಯಾವ ಕಾಲದಲ್ಲಿ ಹೋಗಬೇಕು? ನವೆಂಬರಿನಿಂದ ಫೆಬ್ರವರಿ ತನಕ ಕಣ್ಣುಮುಚ್ಚಿ ಹೊರಡಿ. ಮಾರ್ಚ್ ನಂತರ ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ಮುಗಿಸಬೇಕು. ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದರಿಂದ ಈ ವಾರ ತುಂಬಿ ಹರಿದ ಚಾನಲ್ ಮುಂದಿನ ವಾರ ಬರಿದಾಗಿರಬಹುದು. ಮಳೆಗಾಲದಲ್ಲಿ ಸೀಮೆ ಹಸಿರು, ಆದರೆ ಏರಿಯ ಜೇಡಿಮಣ್ಣು ಜಾರುತ್ತದೆ. ಕಾಲಿಗೆ ಚಪ್ಪಲಿ ಸಾಲದು, ಬೆರಳು ಮುಚ್ಚುವ ಶೂ ಇರಲಿ. ಹುಲ್ಲು, ಕಬ್ಬಿನ ಅಂಚಿನಲ್ಲಿ ಕೊಳಕುಮಂಡಲ ಇರುತ್ತದೆ. ಕಾಲಿಡುವ ಜಾಗ ಕಾಣುವಂತಿರಬೇಕು, ಕತ್ತಲಾದರೆ ಟಾರ್ಚ್ ಬೇಕೇ ಬೇಕು. ಕಚ್ಚಿದರೆ ಗಾಯ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಮದ್ದು ಹುಡುಕುವುದು ಯಾವುದೂ ಬೇಡ. ಕೈಕಾಲು ಆಡಿಸದೆ ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಕರೆ ಮಾಡಬೇಕು. ಬಂಡೆ, ಗೋಪುರಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಗಲಾಟೆ ಮಾಡಬೇಡಿ, ಘಾಟು ಸೆಂಟು ಹಾಕಿಕೊಂಡು ಹೋಗಲೂ ಬೇಡಿ. ತೋಟದ ಮನೆಯ ನಾಯಿ ಬೊಗಳಿದರೆ ಓಡದೆ ನಿಂತು ಮನೆಯವರನ್ನು ಕೂಗಿ.

ಕಾರಿಲ್ಲದವರಿಗೆ ಈ ನಡಿಗೆಗಳು ಇನ್ನೂ ಸಲೀಸು, ಏಕೆಂದರೆ ಹೊರಟ ಜಾಗಕ್ಕೇ ವಾಪಸು ಬರಬೇಕೆಂಬ ಕಟ್ಟು ಇಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ನಿಲ್ದಾಣಗಳಿವೆ. ಪಾಂಡವಪುರದ ನಿಲ್ದಾಣ ಮಾತ್ರ ಊರಿನಿಂದ ದೂರ. ಮೇಲುಕೋಟೆಗೆ ಮಂಡ್ಯ, ಮೈಸೂರು ಎರಡೂ ಕಡೆಯಿಂದ ಕೆಎಸ್ಆರ್‌ಟಿಸಿ ಬಸ್ಸುಗಳಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ಗೆಳತಿಯರ ಗುಂಪಿಗೆ ಇಂಥ ದಿನದ ಖರ್ಚು ಊಟ, ಎಳನೀರಿನಷ್ಟೇ.

ಕೊನೆಗೆ ಉಳಿಸಿದ್ದು ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಬರುವಾಗ ಚನ್ನಪಟ್ಟಣ ದಾಟಿ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದಲ್ಲಿ ತಿರುಗಿ ಒಳಗೆ ಹೋದರೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಇಲ್ಲಿ ದೂರದ ನಡಿಗೆ ಏನೂ ಇಲ್ಲ, ಊರಿನ ಬೀದಿಗಳೇ ಅಭಯಾರಣ್ಯ. ಡಿಸೆಂಬರಿನಿಂದ ಮೇ, ಜೂನ್ ತನಕ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯ ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ. ಅದು ಹಂಚಿನ ಮನೆಯ ಮೇಲೆ ಹಾದು ಹುಣಸೆ ಕೊಂಬೆಗೆ ಇಳಿಯುವಾಗ ಮರವೇ ಒಮ್ಮೆ ಬಾಗುತ್ತದೆ, ಕೆಳಗೆ ಪಾತ್ರೆ ಬೆಳಗುತ್ತಿರುವವರು ತಲೆ ಎತ್ತಿ ನೋಡುವುದೂ ಇಲ್ಲ. ಮರದಡಿ ಎಲೆಗಳು ಸುಣ್ಣ ಬಳಿದಂತೆ ಬಿಳಿ, ಗಾಳಿಯಲ್ಲಿ ಮೀನಿನ ವಾಸನೆ. ಆ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತು, ಪ್ಲೇಗು ಬಂದು ಜನ ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರವರು ಹೇಳುತ್ತಾರೆ.

ಹಕ್ಕಿ ಕೂತ ಮರದ ಹುಣಸೆಹಣ್ಣು ಕೀಳುವ ಹಾಗಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 1994ರಲ್ಲಿ ಮೈಸೂರಿನ ನಿಸರ್ಗಪ್ರಿಯರ ಬೆಂಬಲದೊಂದಿಗೆ ಊರಿನ ಹುಡುಗರು ಕಟ್ಟಿದ ಹೆಜ್ಜಾರ್ಲೆ ಬಳಗ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಬೆಳೆಸಿ ಹಾರಿಬಿಡುವ ಕೆಲಸ ಹಿಡಿಯಿತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿ ನೀವು ಓಡಾಡುವುದು ಇನ್ನೊಬ್ಬರ ಮನೆಯಂಗಳದಲ್ಲಿ. ಹೆಂಗಸರ, ಮಕ್ಕಳ ಫೋಟೊ ತೆಗೆಯುವ ಮೊದಲು ಕೇಳಿ, ಡ್ರೋನ್ ಹಾರಿಸಬೇಡಿ, ಬಿದ್ದ ಮರಿ ಕಂಡರೆ ಮುಟ್ಟದೆ ಊರವರಿಗೆ ತಿಳಿಸಿ. ತಲೆಗೊಂದು ಟೋಪಿ ಇರಲಿ, ಕಾರಣ ಹೇಳಬೇಕಿಲ್ಲ. ಬೆಳಗಿನ ನಡಿಗೆ ಮುಗಿಸಿ ಶಿಂಷಾ ಕಡೆಗೆ ಹೊಲದ ದಾರಿಯಲ್ಲಿ ಅಡ್ಡಾಡಿ ಬರಲು ಹೊತ್ತು ಇರುತ್ತದೆ. ಬಸ್ಸಿನಲ್ಲಿ ಬಂದವರು ಇಳಿಯುವಾಗಲೇ ಕಂಡಕ್ಟರನ್ನು ಮುಂದಿನ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ. ತಪ್ಪಿದರೆ ಮದ್ದೂರಿನ ತನಕ ಆಟೊ ಮಾತಾಡಿಕೊಳ್ಳಬೇಕಾಗುತ್ತದೆ, ರೈಲು ಸಿಗುವುದು ಅಲ್ಲಿಂದಲೇ.